ಪಹಣಿ ಹಿಂದೆ ಹೋದರೆ ಸಿಕ್ಕ ಒಂದು ‘ಕೋಂ’

ಲಕ್ಷ್ಮೀ ನಗರದಿಂದ ಮಾತಾಡ್ತಾ ಇದೀನಿ. ಹಿಂದೆ ಗಲಾಟೆ ಕೇಳಿಸಿದರೆ ಬೇಜಾರು ಮಾಡ್ಕೋಬೇಡಿ, ಕೆಳಗಡೆ ಸಿ.ಎ. ಕೋಚಿಂಗ್ ಕ್ಲಾಸ್ ಈಗ ತಾನೇ ಬಿಟ್ಟಿದೆ. ಇವತ್ತಿನ ವಿಷಯ ಪಹಣಿ. ಜಮೀನು ಮಾರೋಕಲ್ಲ, ಸಾಲ ತಗೊಳ್ಳೋಕಲ್ಲ. ನಮ್ಮ ಮನೆತನದಲ್ಲಿ ಯಾರ್ಯಾರಿದ್ದರು ಅಂತ ತಿಳ್ಕೊಳ್ಳೋಕೆ.

ನನ್ನ ಆಫೀಸಿನ ಉತ್ತರದ ಗೆಳೆಯರಿಗೆ ಹರಿದ್ವಾರದ ಪಂಡಾಗಳ ಬಹಿ ಇದೆ. ಹೋಗಿ ಊರು, ಜಾತಿ ಹೇಳಿದರೆ ಏಳೆಂಟು ತಲೆಮಾರು ಓದಿ ಹೇಳ್ತಾರೆ. ನಮ್ಮ ಕಡೆ ಹೆಳವರು ಎತ್ತಿನ ಮೇಲೆ ಬಂದು ವಂಶಾವಳಿ ಹೇಳ್ತಿದ್ದರು. ನಮ್ಮ ಕೇರಿಗೆ ಅವರು ಬರೋದು ನಿಂತು ಎಷ್ಟೋ ವರ್ಷ ಆಯ್ತು. ಅಜ್ಜ ಅಜ್ಜಿ ಹುಟ್ಟಿದ ದಿನ ಯಾವ ಪುಸ್ತಕದಲ್ಲೂ ಇಲ್ಲ. ಆದರೆ ಅರ್ಧ ಎಕರೆ ಹೊಲ ಇದ್ದರೂ ಸಾಕು, ಸರ್ಕಾರ ಅವರ ಹೆಸರು, ಅಪ್ಪನ ಹೆಸರು ಬರೆದಿಟ್ಟಿರುತ್ತೆ. ಕಂದಾಯ ವಸೂಲಿ ಮಾಡ್ಬೇಕಲ್ಲ!

ಶುರು ಮಾಡೋದು ಭೂಮಿ ವೆಬ್‌ಸೈಟಿನಿಂದ. 2000ದಲ್ಲಿ ಬಂದ ವ್ಯವಸ್ಥೆ ಇದು, ನಿಮಗೆಲ್ಲ ಗೊತ್ತಿರೋದೇ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಕೊಟ್ಟರೆ ಆರ್‌ಟಿಸಿ ಬರುತ್ತೆ. ಎಲ್ಲರೂ ನೋಡೋದು 9ನೇ ಕಲಂ, ಅಂದರೆ ಮಾಲೀಕರ ಹೆಸರು. ನೀವು ಅದರ ಪಕ್ಕದ 10ನೇ ಕಲಂ ನೋಡಿ. ಜಮೀನು ಅವರಿಗೆ ಹೇಗೆ ಬಂತು ಅಂತ ಒಂದು ಎಂ.ಆರ್. ನಂಬರ್ ಇರುತ್ತೆ. ಮ್ಯುಟೇಷನ್ ರಿಜಿಸ್ಟರಿನ ನಂಬರ್ ಅದು. ಕ್ರಯವೋ, ವಿಭಾಗವೋ, ಪೌತಿಯೋ, ದಾನವೋ ಅಲ್ಲಿ ಗೊತ್ತಾಗುತ್ತೆ. ಆ ಎಂ.ಆರ್. ಅದರ ಹಿಂದಿನ ದಾಖಲೆಗೆ ಕೈ ತೋರಿಸುತ್ತೆ, ಅದು ಇನ್ನೂ ಹಿಂದಿನದಕ್ಕೆ. ಗಿಟ್ ಲಾಗ್ ಓದಿದ ಹಾಗೇನೇ, ಕಮಿಟ್ ಮೆಸೇಜ್ ಮಾತ್ರ ಮೋಡಿ ಕೈಬರಹದಂಥ ಕನ್ನಡದಲ್ಲಿ.

2000ಕ್ಕಿಂತ ಹಿಂದಿನದು ಬೇಕಿದ್ದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕಬೇಕು. ಭೂ ಸುರಕ್ಷಾ ಯೋಜನೆಯಲ್ಲಿ ಈ ಹಳೇ ಕಡತಗಳನ್ನೂ ಸ್ಕ್ಯಾನ್ ಮಾಡ್ತಿದಾರೆ. ಮುಟ್ಟಿದರೆ ಹಪ್ಪಳದ ಹಾಗೆ ಪುಡಿಯಾಗೋ ಕಾಗದ, ಬೇಗ ಆದಷ್ಟೂ ಒಳ್ಳೇದು. ಊರು ಯಾವ ಸೀಮೆಯದು ಅನ್ನೋದೂ ಮುಖ್ಯ. ಧಾರವಾಡ, ಬೆಳಗಾವಿ ಕಡೆ ‘ಉತಾರ’ ಅಂತ ಕೇಳಿ. ದಕ್ಷಿಣ ಕನ್ನಡದವರಾದರೆ ಮೂಲಗೇಣಿ, ಚಾಲಗೇಣಿ ಅನ್ನೋ ಮಾತು ಬರುತ್ತೆ. ಅಲ್ಲಿ ಬಹಳ ಮನೆಗಳ ಕಥೆ ಸಿಗೋದು 1974ರ ಭೂ ಸುಧಾರಣೆ ಆದಮೇಲೆ ಭೂ ನ್ಯಾಯಮಂಡಳಿಗೆ ಹಾಕಿದ 7ನೇ ನಮೂನೆ ಅರ್ಜಿಯಲ್ಲಿ. ಅಂದಹಾಗೆ ನಾನು ಕೂತಿರೋ ಈ ಯಮುನೆ ಆಚೆ ದಡದ ಹಳ್ಳಿಗಳೂ ಹಾಗೇ. 1915ರ ತನಕ ಇವು ಮೀರತ್ ಜಿಲ್ಲೆಯಲ್ಲಿದ್ದವು. ಗಡಿ ಸರಿದಾಗ ಕಾಗದ ಎಲ್ಲಿ ಉಳೀತು ಅಂತ ಹುಡುಕೋದು ಇಲ್ಲೂ ಒಂದು ಕೆಲಸ.

ಈಗ ನಮ್ಮನೆ ವಿಷಯಕ್ಕೆ ಬರ್ತೀನಿ. ನಮ್ಮೂರು ತುಮಕೂರು ಜಿಲ್ಲೆ. ಮುತ್ತಜ್ಜನಿಗೆ ಮೂರು ಜನ ಗಂಡುಮಕ್ಕಳು, ನಡುವಿನವನು ಮದುವೆಗೆ ಮುಂಚೆಯೇ ತೀರಿಕೊಂಡ, ಇದು ಮನೇಲಿ ಎಲ್ಲರ ಬಾಯಲ್ಲೂ ಇದ್ದ ಮಾತು. ಎಂ.ಆರ್. ಹಿಡ್ಕೊಂಡು ಹಿಂದೆ ಹೋದಾಗ 1951ರ ಒಂದು ಹಕ್ಕು ಖುಲಾಸೆ ಪತ್ರದ ನಂಬರ್ ಸಿಕ್ತು. ಉಪನೋಂದಣಿ ಕಚೇರಿಯ ಒಂದನೇ ಪುಸ್ತಕವನ್ನ ಯಾರು ಬೇಕಾದರೂ ನೋಡಬಹುದು, ನಕಲು ಕೇಳಬಹುದು. 1908ರ ನೋಂದಣಿ ಕಾಯ್ದೆಯ 57ನೇ ಕಲಂ ಅದು. ಆನ್‌ಲೈನ್ ಇ.ಸಿ.ಯಲ್ಲಿ ಇಷ್ಟು ಹಳೇದು ಬರಲ್ಲ, ವರ್ಷ ಮತ್ತು ನಂಬರ್ ಬರೆದು ಅರ್ಜಿ ಕೊಡಬೇಕು. ನಮ್ಮ ಚಿಕ್ಕಪ್ಪನ ಮಗ ಹೋಗಿ ತಂದು ಫೋಟೋ ಕಳಿಸಿದ.

ಹಳೇ ಪತ್ರ ಓದೋಕೆ ಎರಡು ಪದ ಗೊತ್ತಿರಲಿ. ‘ಬಿನ್’ ಅಂದರೆ ಇಂಥವರ ಮಗ. ‘ಕೋಂ’ ಅಂದರೆ ಇಂಥವರ ಹೆಂಡತಿ. ಪತ್ರದ ಮೊದಲ ಸಾಲಲ್ಲೇ ಒಬ್ಬ ಹೆಂಗಸಿನ ಹೆಸರು, ಆಮೇಲೆ ‘ಕೋಂ ಲೇಟ್’, ಆಮೇಲೆ ನಡುವಿನ ಅಜ್ಜನ ಹೆಸರು.

ಮದುವೆ ಆಗದವನಿಗೆ ಹೆಂಡತಿ ಎಲ್ಲಿಂದ ಬಂದಳು?

ಮುನ್ನೂರು ರೂಪಾಯಿ ತಗೊಂಡು, ಮಾವ ಮತ್ತು ಮೈದುನ, ಭಾವನವರ ಪರವಾಗಿ ಮೂರು ಸರ್ವೆ ನಂಬರಿನ ಹಕ್ಕು ಬಿಟ್ಟುಕೊಟ್ಟಿದಾಳೆ. ಜೊತೆಗೆ ಅಪ್ರಾಪ್ತ ವಯಸ್ಸಿನ ಒಬ್ಬಳು ಮಗಳು. ಕೊನೇಲಿ ಹೆಬ್ಬೆಟ್ಟು, ಇಬ್ಬರು ಸಾಕ್ಷಿ, ಬಿಕ್ಕಲಂ ಬರೆದವನ ಸಹಿ. ಗಂಡ ಸತ್ತ ಹೆಂಗಸಿನ ಹೆಬ್ಬೆಟ್ಟು ಯಾಕೆ ಬೇಕಾಯ್ತು ಅಂದರೆ, ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಹೆಂಗಸರ ಹಕ್ಕಿನ ಕಾಯ್ದೆ ಬಂದಿತ್ತು. ಅವಳು ಪಾಲು ಕೇಳಬಹುದಿತ್ತು. ಅದು ಮನೇಲಿ ಯಾರಿಗೋ ಚೆನ್ನಾಗೇ ಗೊತ್ತಿತ್ತು ಅಂತ ನನ್ನ ಅಂದಾಜು. ಮದುವೆನೇ ಆಗಿರ್ಲಿಲ್ಲ ಅನ್ನೋ ಕಥೆ ಆಮೇಲೆ ಹುಟ್ಟಿದ್ದು.

ಇಲ್ಲಿಗೆ ಮುಗಿದಿದ್ದರೆ ಬರೀ ಹಳೇ ಸುದ್ದಿ. ಆದರೆ ಷೆಡ್ಯೂಲಿನ ಚೆಕ್ಕುಬಂದಿ ಕೂತು ಸರ್ವೆ ನಂಬರಿನ ಜೊತೆ ತಾಳೆ ನೋಡಿದೆ. ಒಂದು ಹೊಲ, 1 ಎಕರೆ 12 ಗುಂಟೆ, ಆ ಪತ್ರದಲ್ಲಿ ಇಲ್ಲ. ಅದು ಇವತ್ತಿಗೂ ಮುತ್ತಜ್ಜನ ಹೆಸರಲ್ಲೇ ಇದೆ. ಅವರು ತೀರಿಕೊಂಡಿದ್ದು 1962ರಲ್ಲಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಮೊದಲೇ ತೀರಿಹೋದ ಮಗನ ಹೆಂಡತಿ, ಮಗಳು ಇಬ್ಬರೂ ಮೊದಲ ವರ್ಗದ ವಾರಸುದಾರರು. ವಕೀಲರು ಇನ್ನೂ ಏನೇನೋ ವಾದ ಹೇಳಬಹುದು, ಅದು ಅವರ ಕೆಲಸ.

ಈಗ ಪೌತಿ ಖಾತೆ ಮಾಡಿಸೋಕೆ ಮನೇಲಿ ಓಡಾಟ ನಡೀತಿದೆ. ಅದಕ್ಕೆ ವಂಶವೃಕ್ಷ ಬೇಕು, ಅಫಿಡವಿಟ್ ಬೇಕು. ಬರೆದಿಟ್ಟ ಕರಡಲ್ಲಿ ಮುತ್ತಜ್ಜನ ಕೆಳಗೆ ಎರಡೇ ಕೊಂಬೆ. ನಡುವಿನ ಅಜ್ಜನ ಹೆಸರ ಮುಂದೆ ‘ಅವಿವಾಹಿತ, ಮೃತ’ ಅಂತ ಇದೆ.

ನಾನು ಫೋನಲ್ಲಿ ಹೇಳಿದೆ, ಹೀಗಿದ್ದರೆ ಇದಕ್ಕೆ ನನ್ನ ಒಪ್ಪಿಗೆ ಇಲ್ಲ ಅಂತ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಪ್ಪತ್ತು ವರ್ಷದ್ದನ್ನ ಈಗ ಯಾಕೋ ಕೆದಕ್ತೀಯಾ? ದೆಹಲೀಲಿ ಕೂತ್ಕೊಂಡು ಹೇಳೋದು ಸುಲಭ. ಊರಲ್ಲಿ ಮುಖ ತೋರಿಸಬೇಕಾದೋರು ನಾವು” ಅಂದರು. ಆ ಮಾತಲ್ಲಿ ಸುಳ್ಳಿಲ್ಲ. ನಾವು ಹೊರಗಿರೋರು ವರ್ಷಕ್ಕೊಂದು ಸಲ ಹೋಗಿ ಹೋಳಿಗೆ ತಿಂದು ಬರ್ತೀವಿ, ದಾಯಾದಿಗಳ ಜೊತೆ ದಿನಾ ಒಂದೇ ಬದುವಲ್ಲಿ ಓಡಾಡೋರು ಅವರು. ಆದರೂ ಅಫಿಡವಿಟ್ ಅಂದರೆ ಪ್ರಮಾಣ ಮಾಡಿ ಬರೆದುಕೊಡೋದು. ಬರೀ ಹೊಲದ ಪ್ರಶ್ನೆ ಆಗಿದ್ದರೆ ನಾನೂ ಇಷ್ಟು ಹಟ ಮಾಡ್ತಿರಲಿಲ್ಲವೇನೋ. ಒಬ್ಬಳು ಹೆಂಗಸು ನಮ್ಮ ಮನೇಲಿ ಬಾಳಲೇ ಇಲ್ಲ ಅಂತ ಸ್ಟಾಂಪ್ ಪೇಪರ್ ಮೇಲೆ ಎರಡನೇ ಸಲ ಬರೆಯೋಕೆ ನನ್ನ ಕೈಲಿ ಆಗಲ್ಲ.

ಖುಲಾಸೆ ಪತ್ರದಲ್ಲಿ ಅವಳ ಹೆಸರಿನ ಕೆಳಗೆ ‘ಹಾಲಿ ವಾಸ’ ಅಂತ ತಿಪಟೂರು ತಾಲ್ಲೂಕಿನ ಒಂದು ಹಳ್ಳಿ ಬರೆದಿದೆ. ತವರಿರಬೇಕು. ಮಗಳು ಬದುಕಿದ್ದರೆ ಈಗ ಎಂಬತ್ತರ ಹತ್ತಿರ. ದೀಪಾವಳಿಗೆ ರಜೆ ಹಾಕಿದೀನಿ, ಊರಿಗೆ ಹೋಗೋ ಮುಂಚೆ ಆ ಹಳ್ಳಿಗೆ ಹೋಗಿ ವಿಚಾರಿಸ್ತೀನಿ. ಖಾತೆ ಕೆಲಸ ಅಲ್ಲಿ ತನಕ ತಡೆದು ಇಡೋಕೆ ಅಪ್ಪ ಒಪ್ಪಿದಾರೆ. ಒಪ್ಪಿದಾರೆ ಅನ್ನೋದಕ್ಕಿಂತ ಬೇಡ ಅಂದಿಲ್ಲ.

ನಿಮ್ಮ ಎಂ.ಆರ್. ನಕಲಲ್ಲಿ ಓದೋಕೆ ಬಾರದ ಪದ ಇದ್ದರೆ ಕೆಳಗೆ ಕೇಳಿ, ಗೊತ್ತಿರೋದನ್ನ ಹೇಳ್ತೀನಿ. ಸರ್ವೆ ನಂಬರ್, ಮನೆಯವರ ಹೆಸರು ಮಾತ್ರ ಹಾಕಬೇಡಿ.