ಒಣದ್ರಾಕ್ಷಿ ಶೆಡ್ಡಿನ ನಾಯಿ ಹಠಾತ್ತನೆ ಮಲಗಿದಾಗ

(ರೈತರ ಸಭೆಗಾಗಿ ಸಿದ್ಧಪಡಿಸಿದ ಭಾಷಣ)



ಎತ್ತು ಮೇವು ಬಿಟ್ಟರೆ ಓಣಿಯೆಲ್ಲ ಎದ್ದು ಕೂಡುತ್ತದೆ. ಆಕಳ ಹೊಟ್ಟೆ ಉಬ್ಬಿದರೆ ನಡುರಾತ್ರಿಯಲ್ಲೂ ಡಾಕ್ಟರರನ್ನು ಎಬ್ಬಿಸುತ್ತಾರೆ. ನಾಯಿ ಮಲಗಿದಾಗ ಮಾತ್ರ 'ಬೆಳಗಾಗಲಿ, ನೋಡೋಣ' ಎಂಬ ಮಾತು ಬರುತ್ತದೆ. ಮನೆಯವರಿಗೆ ಒಳಗೇ ಸಂಕಟ. ನಾಯಿಗೆ ಇಷ್ಟೊಂದೇ ಎಂದು ನಾಲ್ಕು ಮಂದಿ ನಕ್ಕಾರೆಂಬ ಸಂಕೋಚ ಬೇರೆ. ಬೇಸಾಯದ ಮಾತಿನ ನಡುವೆ ನಾಯಿಯ ಮಾತೇಕೆ ಎಂದು ಕೇಳುವವರೂ ಇರಬಹುದು. ತಿಕೋಟಾ, ಬಬಲೇಶ್ವರ ಭಾಗದಲ್ಲಿ ಈ ಎರಡು ಮಾತುಗಳನ್ನು ಬೇರ್ಪಡಿಸಲು ಬರುವುದಿಲ್ಲ. ಅಲ್ಲಿ ನಾಯಿ ಕಾಯುವ ಮಾಲೇ ನಾಯಿಗೆ ವಿಷವಾಗಬಲ್ಲದು.

ಒಂದು ರಾತ್ರಿಯನ್ನು ಕಲ್ಪಿಸಿಕೊಳ್ಳಿರಿ. ಮಾರ್ಚ್ ತಿಂಗಳು. ದ್ರಾಕ್ಷಿ ಪಡದ ಕೊಯ್ಲು ಮುಗಿದು, ಹಣ್ಣು ಡಿಪ್ಪಿಂಗ್ ಎಣ್ಣೆ ಮತ್ತು ಪೊಟ್ಯಾಸಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿಸಿಕೊಂಡು ಶೆಡ್ಡಿನ ಜಾಳಿಗೆಗಳ ಮೇಲೆ ಒಣಗುತ್ತಿದೆ. ತೋಟದ ವಸ್ತಿಯಲ್ಲಿ ಐದು ವರ್ಷದಿಂದ ಮನೆಯವರಲ್ಲಿ ಒಬ್ಬನಾಗಿ ಬೆಳೆದ ನಾಯಿ, ಸಂಜೆ ರೊಟ್ಟಿ ಮುಟ್ಟಲಿಲ್ಲ. ಒಂಬತ್ತು ಗಂಟೆಗೆ ಎರಡು ಸಲ ವಾಂತಿ ಮಾಡಿ, ಮೂಲೆ ಹಿಡಿದು ಮಲಗಿತು. ಕರೆದರೆ ಬಾಲ ಅಲುಗಿಸುತ್ತದೆ, ಏಳುವುದಿಲ್ಲ. ಮನೆಯ ಯಜಮಾನನಿಗೆ ಮೊದಲು ಹೊಳೆದದ್ದು ಬದುವಿನ ಜಗಳ. ಪಕ್ಕದ ಹೊಲದವರೇ ಏನೋ ಹಾಕಿದ್ದಾರೆ ಎಂದು ಅವನು ಬ್ಯಾಟರಿ ಹಿಡಿದು ಹೊರಡಲು ಸಿದ್ಧನಾದ.

ಅಷ್ಟರಲ್ಲಿ ಹಿರಿಯಾಕೆ ಮೊಮ್ಮಗನ ಮುಖ ನೋಡಿದಳು. ಹುಡುಗ ಅಳುತ್ತಿದ್ದ, ಆದರೆ ನಾಯಿಯ ಹತ್ತಿರ ಬರುತ್ತಿರಲಿಲ್ಲ.

'ಯಾರೂ ಬೈಯಾಂಗಿಲ್ಲೋ ಮಗಾ, ಏನ್ ಕೊಟ್ಟಿ ಹೇಳು.'

'ಮಣೂಕ ಕೊಟ್ಟೇನಿ ಆಯಿ. ಎರಡ್ ಮುಷ್ಟಿ. ಅದಕ್ಕ ಭಾಳ ಸೇರ್ತಾವ.'

ಇಂಥ ರಾತ್ರಿಯಲ್ಲಿ ಡಾಕ್ಟರರಿಗೆ ಬೇಕಾದದ್ದು ಈ ಒಂದು ಸುದ್ದಿ. ಮಗುವನ್ನು ಗದರಿಸಿದ್ದರೆ ಅದು ಹೊರಬರುತ್ತಿರಲಿಲ್ಲ. 'ರೊಟ್ಟಿ, ಹಾಲು, ಬ್ಯಾರೆ ಏನೂ ಇಲ್ಲ ಸಾಹೇಬ್ರ' ಎಂದು ತಂದೆ ಪ್ರಾಮಾಣಿಕವಾಗಿಯೇ ತಪ್ಪು ಹೇಳುತ್ತಿದ್ದ.

ದ್ರಾಕ್ಷಿ ಮತ್ತು ಒಣದ್ರಾಕ್ಷಿ ತಿಂದ ನಾಯಿಗಳ ಮೂತ್ರಪಿಂಡ ಕೆಡಬಹುದೆಂಬ ಸಂಗತಿ ಹೊರದೇಶಗಳ ಪಶುವೈದ್ಯರ ಗಮನಕ್ಕೆ ಸ್ಪಷ್ಟವಾಗಿ ಬಂದದ್ದು 2001ರ ಸುಮಾರಿಗೆ. ಕಾರಣ ಬಹಳ ಕಾಲ ತಿಳಿದಿರಲಿಲ್ಲ. 2021ರಲ್ಲಿ ಅಮೆರಿಕದ ಪಶುವೈದ್ಯರು ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣವಿರಬೇಕೆಂದು ಸೂಚಿಸಿದರು. ಈ ಆಮ್ಲದ ಲವಣ ಬೆರೆತ ಆಟದ ಹಿಟ್ಟನ್ನು ತಿಂದ ನಾಯಿಗೂ ಅದೇ ಬಗೆಯ ತೊಂದರೆಯಾದದ್ದು ಅವರಿಗೆ ಸುಳಿವು ಕೊಟ್ಟಿತು. ಹುಣಸೆಹಣ್ಣಿನಲ್ಲಿಯೂ ಈ ಆಮ್ಲ ಹೇರಳವಾಗಿದೆ ಎಂಬುದನ್ನು ಮರೆಯಬಾರದು. ತಳಿ, ಮಾಗುವಿಕೆ ಮತ್ತು ಹವೆಗೆ ತಕ್ಕಂತೆ ಹಣ್ಣಿನ ಆಮ್ಲ ಹೆಚ್ಚುಕಡಿಮೆಯಾಗುತ್ತದೆಂಬುದು ದ್ರಾಕ್ಷಿ ಬೆಳೆಗಾರರಿಗೆ ಹೊಸದೇನಲ್ಲ. 'ನಮ್ಮ ನಾಯಿ ದಿನಾ ತಿಂತದ, ಏನೂ ಆಗಿಲ್ಲ' ಎಂಬ ಮಾತೂ ಆದ್ದರಿಂದ ಸುಳ್ಳಲ್ಲ. ಆದರೆ ಹೋದ ವರ್ಷ ತಿಂದು ಬದುಕಿದ ನಾಯಿ ಈ ವರ್ಷವೂ ಬದುಕುತ್ತದೆಂಬ ಭರವಸೆ ಇಲ್ಲ.

ಪ್ರಮಾಣದ ಮಾತು. ಸುಮಾರು ನಾಲ್ಕು ಕಿಲೋ ಹಸಿ ಹಣ್ಣು ಒಣಗಿ ಒಂದು ಕಿಲೋ ಒಣದ್ರಾಕ್ಷಿಯಾಗುತ್ತದೆ. ನೀರು ಹೋಗಿ ಉಳಿದದ್ದೆಲ್ಲ ಸಾಂದ್ರವಾಗುತ್ತದೆ. ನಾಯಿಯ ದೇಹತೂಕದ ಪ್ರತಿ ಕಿಲೋಗೆ ಸುಮಾರು 3 ಗ್ರಾಂ ಒಣದ್ರಾಕ್ಷಿ ಅಥವಾ 20 ಗ್ರಾಂ ಹಸಿ ದ್ರಾಕ್ಷಿ ತಿಂದಾಗಲೇ ತೊಂದರೆಯಾದ ವರದಿಗಳಿವೆ. 20 ಕಿಲೋ ತೂಗುವ ನಾಯಿಗೆ 60 ಗ್ರಾಂ ಎಂದಾಯಿತು. ಹುಡುಗನ ಎರಡು ಮುಷ್ಟಿ ಅಲ್ಲಿಗೆ ಬಂತು. ಶೆಡ್ಡಿನ ನೆಲದ ಮೇಲೆ ಉದುರಿ ಬಿದ್ದದ್ದನ್ನು ನಾಯಿ ತಾನೇ ನೆಕ್ಕಿದ್ದು ಎಷ್ಟೋ ಯಾರಿಗೆ ಗೊತ್ತು?

ತಿಂದ ಆರು ತಾಸಿನಿಂದ ಒಂದು ದಿನದೊಳಗೆ ವಾಂತಿ ಕಾಣಿಸುತ್ತದೆ. ಕೆಲವೊಮ್ಮೆ ಭೇದಿಯೂ ಆಗುತ್ತದೆ. ಅನ್ನ ಬಿಟ್ಟು ಮಂಕಾಗುತ್ತದೆ. ಎರಡನೆಯ ಅಥವಾ ಮೂರನೆಯ ದಿನ ಮೂತ್ರ ಕಡಿಮೆಯಾಗುತ್ತ ಬಂದು ಕೊನೆಗೆ ನಿಂತುಹೋಗಬಹುದು. ಮೂತ್ರ ನಿಂತ ಮೇಲೆ ಚಿಕಿತ್ಸೆಗೆ ಬಂದರೆ ಉಳಿಯುವ ಆಸೆ ತೀರ ಕಡಿಮೆ. ಮೊದಲ ಕೆಲವು ತಾಸಿನಲ್ಲಿ ಬಂದರೆ ಬಹುಪಾಲು ನಾಯಿಗಳು ಉಳಿಯುತ್ತವೆ. ಒಣದ್ರಾಕ್ಷಿ ಹೊಟ್ಟೆಯಲ್ಲಿ ಉಬ್ಬಿಕೊಂಡು ಕೆಲವು ತಾಸು ಹಾಗೆಯೇ ಉಳಿಯುವುದರಿಂದ ಡಾಕ್ಟರರು ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಬಲ್ಲರು. ಬಳಿಕ ಎರಡು ದಿನ ಸಲೈನ್ ಏರಿಸುತ್ತ, ರಕ್ತದಲ್ಲಿಯ ಯೂರಿಯಾ ಮತ್ತು ಕ್ರಿಯಾಟಿನಿನ್ ಪರೀಕ್ಷಿಸುತ್ತ ಕಾಯಬೇಕಾಗುತ್ತದೆ. ತಿಕೋಟಾ ಮತ್ತು ಬಬಲೇಶ್ವರದಿಂದ ವಿಜಯಪುರ ನಗರ ಬಹು ದೂರವೇನಲ್ಲ. ರಾತ್ರಿಯೇ ಹೊರಡುವುದನ್ನು ಹುಚ್ಚುತನವೆಂದು ತಿಳಿಯಬಾರದು. 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ಸೌಲಭ್ಯವುಂಟು. ಆದರೆ ಹೊತ್ತಲ್ಲದ ಹೊತ್ತಿನಲ್ಲಿ ಅದನ್ನೇ ನೆಚ್ಚಿ ಕೂಡದೆ, ಗೊತ್ತಿರುವ ಪಶುವೈದ್ಯರಿಗೆ ಫೋನ್ ಮಾಡಿ, ಬರುತ್ತಿದ್ದೇವೆಂದು ತಿಳಿಸಿ ಗಾಡಿ ಹತ್ತಬೇಕು.

ಮನೆಯಲ್ಲಿ ಮಾಡುವ ಉಪಚಾರಗಳ ಬಗ್ಗೆ ಕಟುವಾಗಿಯೇ ಹೇಳಬೇಕಾಗಿದೆ. ವಾಂತಿ ಮಾಡಿಸಲೆಂದು ಉಪ್ಪುನೀರು ಕುಡಿಸುವ ರೂಢಿ ಎಲ್ಲ ಕಡೆ ಇದೆ. ಅದರಿಂದ ರಕ್ತದಲ್ಲಿ ಉಪ್ಪು ಏರಿ ನಾಯಿ ಇನ್ನೊಂದು ವಿಷಕ್ಕೆ ಸಿಕ್ಕಿದಂತಾಗುತ್ತದೆ. ಮಂಕಾದ ನಾಯಿಯ ಬಾಯಿಗೆ ಎಣ್ಣೆ, ಹಾಲು ಸುರಿದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಮನುಷ್ಯರ ನೋವಿನ ಗುಳಿಗೆಗಳು ಮೊದಲೇ ಸೋತ ಮೂತ್ರಪಿಂಡವನ್ನು ಮುಗಿಸಿಬಿಡುತ್ತವೆ.

ವಾಂತಿಯೆಲ್ಲ ದ್ರಾಕ್ಷಿಯಿಂದಲೇ ಎಂದೂ ತಿಳಿಯಬಾರದು. ಪಡದಲ್ಲಿ ಔಷಧಿ ಹೊಡೆದ ದಿನ ನಾಯಿಯ ಬಾಯಿಂದ ಜೊಲ್ಲು ಸುರಿದು, ಕಣ್ಣಿನ ಪಾಪೆ ಸಾಸಿವೆಯಷ್ಟು ಕಿರಿದಾಗಿ, ಮೈ ನಡುಗಿದರೆ ಆರ್ಗನೋಫಾಸ್ಫೇಟ್ ಅಥವಾ ಕಾರ್ಬಮೇಟ್ ಗುಂಪಿನ ಕೀಟನಾಶಕವನ್ನು ಸಂಶಯಿಸಬೇಕು. ಇದಕ್ಕೆ ಅಟ್ರೋಪಿನ್ ಇಂಜೆಕ್ಷನ್ ಇದೆ. ಆದರೆ ಕಾಲ ತಾಸುಗಳಲ್ಲಿ ಅಲ್ಲ, ನಿಮಿಷಗಳಲ್ಲಿ ಓಡುತ್ತದೆ. ಡಬ್ಬಿಯನ್ನೋ ಅದರ ಚೀಟಿಯನ್ನೋ ಜೊತೆಗೆ ಒಯ್ಯಿರಿ. 'ಹಸಿರು ಡಬ್ಬಿ ಔಷಧಿ' ಎಂದರೆ ಡಾಕ್ಟರರಿಗೆ ಏನೂ ತಿಳಿಯುವುದಿಲ್ಲ. ಅಕ್ಟೋಬರ್ ಚಾಟ್ನಿಯ ನಂತರ ಕಡ್ಡಿಗೆ ಬಳಿಯುವ ದ್ರಾವಣದ ಬಕೀಟು, ಇಲಿ ಪಾಷಾಣ ಬೆರೆಸಿದ ಹಿಟ್ಟು, ಇವುಗಳ ಮಾತೂ ಅಷ್ಟೇ. ಎಳೆಯ ಮರಿಗೆ ರಕ್ತಭೇದಿಯಾದರೆ ಪಾರ್ವೊ, ಉಣ್ಣಿ ಹತ್ತಿದ ನಾಯಿಗೆ ಜ್ವರ ಬಂದು ಒಸಡು ಬಿಳುಪಾದರೆ ಉಣ್ಣಿಜ್ವರ ಇರಬಹುದು. ಅವುಗಳನ್ನು ಡಾಕ್ಟರರು ನೋಡಿಕೊಳ್ಳುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ಪ್ರೀತಿಗಿಂತ ಎಚ್ಚರ ಮುಂದಿರಬೇಕು. ಜೊಲ್ಲು ಸುರಿಸುತ್ತ, ದವಡೆ ಜೋತು ಬಿದ್ದು, ನುಂಗಲಾರದೆ, ಕೂಗಿನ ಧ್ವನಿ ಬದಲಾದ ನಾಯಿಗೆ ಗಂಟಲಲ್ಲಿ ಎಲುಬು ಸಿಕ್ಕಿದೆಯೆಂದು ಎಷ್ಟೋ ಮಂದಿ ಬಾಯೊಳಗೆ ಕೈ ಹಾಕುತ್ತಾರೆ. ಅದು ಹುಚ್ಚುನಾಯಿ ರೋಗವಾಗಿರಬಹುದು. ಕೈ ಹಾಕಬೇಡಿರಿ. ಜೊಲ್ಲು ಗಾಯಕ್ಕೆ ತಗುಲಿದ್ದರೆ 15 ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಪ್ರಾರಂಭಿಸಬೇಕು. ನಾಯಿಗೆ ಮೂರು ತಿಂಗಳಿದ್ದಾಗ ಮತ್ತು ಮುಂದೆ ವೈದ್ಯರು ಹೇಳಿದ ಅವಧಿಗೆ ಲಸಿಕೆ ಹಾಕಿಸಿದ ಮನೆಯಲ್ಲಿ ಈ ಭಯ ಬಹಳಷ್ಟು ಕಡಿಮೆಯಾಗುತ್ತದೆ.

ನಾಯಿಯನ್ನು ಒಯ್ಯುವಾಗ ಚೀಲ ಅಥವಾ ಕಂಬಳಿಯನ್ನು ಕೆಳಗೆ ಸರಿಸಿ ಇಬ್ಬರು ಎತ್ತಬೇಕು. ನೋವಿದ್ದಾಗ ಸಾಧು ನಾಯಿಯೂ ಸಾಕಿದವನನ್ನೇ ಕಚ್ಚುತ್ತದೆ. ವಾಂತಿ ಮಾಡುತ್ತಿರುವ ನಾಯಿಯ ಬಾಯಿ ಕಟ್ಟಬಾರದು. ವಾಂತಿಯನ್ನು ಒಂದಿಷ್ಟು ಡಬ್ಬಿಯಲ್ಲಿ ತುಂಬಿಕೊಂಡು ಹೋದರೆ ಒಳ್ಳೆಯದು. ಉಬ್ಬಿದ ದ್ರಾಕ್ಷಿ ಅದರಲ್ಲಿಯೇ ಕಾಣಸಿಗುತ್ತದೆ. ಹುಡುಗನನ್ನೂ ಜೊತೆಗೆ ಕರೆದೊಯ್ಯುವುದು ಲೇಸು. ಎಷ್ಟು ಹೊತ್ತಿಗೆ ಕೊಟ್ಟೆ, ಎಷ್ಟು ಕೊಟ್ಟೆ ಎಂಬುದಕ್ಕೆ ಅವನೊಬ್ಬನೇ ಸಾಕ್ಷಿ. ಪ್ರೀತಿಯಿಂದ ಕೊಟ್ಟದ್ದಕ್ಕೆ ಅವನನ್ನು ಅಪರಾಧಿಯಂತೆ ಮನೆಯಲ್ಲಿ ಬಿಟ್ಟು ಹೋಗುವುದು ಸರಿಯಲ್ಲ.

ಚಿಕಿತ್ಸೆ ಮಾಡಿಸಿಯೂ ನಾಯಿ ಉಳಿಯದೆ ಹೋಗಬಹುದು. ಆಗ ಹಳ್ಳಕ್ಕೋ ಕಾಲುವೆಗೋ ಎಸೆಯದೆ, ಬಾವಿಯಿಂದ ದೂರದಲ್ಲಿ ಆಳವಾದ ಗುಂಡಿ ತೋಡಿ ಸುಣ್ಣ ಹಾಕಿ ಹೂಳಬೇಕು. ಮಕ್ಕಳು ಅತ್ತರೆ ಅಳಲಿ, ದೊಡ್ಡವರೂ ಅಳಲಿ.

ಉಳಿದು ಮನೆಗೆ ಬಂದ ನಾಯಿಯನ್ನು ಆ ಹಂಗಾಮು ಮುಗಿಯುವವರೆಗೆ ಶೆಡ್ಡಿನ ಹೊರಗೆ ಕಟ್ಟಬೇಕು. ದಿನಕ್ಕೆರಡು ಸಲ ಶೆಡ್ಡಿನ ನೆಲ ಗುಡಿಸಿ, ಉದುರಿದ್ದನ್ನು ಮುಚ್ಚಳದ ಡಬ್ಬಿಗೆ ಹಾಕಬೇಕು. ಅದ್ದುವ ದ್ರಾವಣದ ತೊಟ್ಟಿಯನ್ನೂ ಮುಚ್ಚಬೇಕು. ಮೊದಲ ಕೆಲವು ದಿನ ಬೆಳಿಗ್ಗೆ ಯಾರಾದರೊಬ್ಬರು ನಾಯಿಯ ಹಿಂದೆಯೇ ಹೋಗಬೇಕು. ಬದುವಿನ ಜಾಲಿಗಿಡದ ಬುಡದಲ್ಲಿ ಕಾಲೆತ್ತಿತೆ, ಎಷ್ಟು ಸಲ, ಮೂತ್ರದ ಬಣ್ಣ ಯಾವುದು ಎಂಬುದನ್ನು ಡಾಕ್ಟರರಿಗೆ ಫೋನ್ ಮಾಡಿ ಹೇಳಬೇಕು. ಆ ಕೆಲಸವನ್ನು ಹುಡುಗನಿಗೇ ಒಪ್ಪಿಸಬಹುದು.