ಬೀಡಿ ಮತ್ತು ಕರುಳಿನ ಉರಿಯೂತ



ಬೆಳಿಗ್ಗೆ ಬೀಡಿ ಸೇದದೆ ಹೊಟ್ಟೆ ಸಾಫ್ ಆಗದು ಎನ್ನುವವರು ನಮ್ಮ ಲಕ್ಕವಳ್ಳಿಯಲ್ಲೂ ಇದ್ದಾರೆ. ಕರುಳಿನ ಉರಿಯೂತದ ಕಾಯಿಲೆ ಮುಖ್ಯವಾಗಿ ಎರಡು ಬಗೆ. ಅಲ್ಸರೇಟಿವ್ ಕೊಲೈಟಿಸ್ ಧೂಮಪಾನಿಗಳಲ್ಲಿ ಕಡಿಮೆ ಎಂದು 1982ರಲ್ಲಿ ಬ್ರಿಟನ್ನಿನ ವೈದ್ಯರು ಬರೆದರು. ನಿಜವೇ; ಬೀಡಿಪ್ರಿಯರು ಇಷ್ಟನ್ನೇ ಹಿಡಿದುಕೊಳ್ಳುತ್ತಾರೆ! ಆದರೆ ಇನ್ನೊಂದಾದ ಕ್ರೋನ್ಸ್ ಕಾಯಿಲೆ ಹೊಗೆಯಿಂದ ಉಲ್ಬಣಿಸುತ್ತದೆ, ಪದೇ ಪದೇ ಮರುಕಳಿಸುತ್ತದೆ, ಆಪರೇಷನ್ನಿಗೂ ಒಯ್ಯುತ್ತದೆ. ಬೀಡಿ ಬಿಟ್ಟವರಿಗೆ ಮರುಕಳಿಕೆ ಕಡಿಮೆ. ಭೇದಿ, ಹೊಟ್ಟೆನೋವು ಎರಡರಲ್ಲೂ ಉಂಟು. ಸಾಲದ್ದಕ್ಕೆ, ನಮ್ಮ ದೇಶದಲ್ಲಿ ಕರುಳಿನ ಕ್ಷಯವೂ ಕ್ರೋನ್ಸ್‌ನಂತೆಯೇ ಕಾಣುತ್ತದೆ. ಪರೀಕ್ಷಿಸಿದ ವೈದ್ಯರೇ ಗೊಂದಲಪಡುವಾಗ ಬೀಡಿಯನ್ನು ಮದ್ದೆನ್ನುವುದು ಹೇಗೆ? ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ನಾಚಿಕೆಯಿಂದ ಸುಮ್ಮನಿರಬೇಡಿ. ತರೀಕೆರೆ ಆಸ್ಪತ್ರೆಗೆ ಹೋಗಿ ತೋರಿಸಿ. ಬೀಡಿ ಸೇದುವುದನ್ನೂ ಮುಚ್ಚಿಡದೆ ಹೇಳಿ.