ಸುಂಕದ ಸರಪಳಿ ಮತ್ತು ನಮ್ಮ ಹತ್ತಿ



ನಾನು ಈ ಶಾಲೆಯ ಹಳೆಯ ವಿದ್ಯಾರ್ಥಿ. ಹತ್ತಿ-ನೂಲಿನ ವ್ಯಾಪಾರದಲ್ಲಿ ಲೆಕ್ಕಪತ್ರ ನೋಡಿಕೊಂಡು ಬಂದವನು. ಈಚೆಗೆ ಊರಲ್ಲಿ ಎಲ್ಲರೂ ಕೇಳುವುದು ಒಂದೇ ಮಾತು: "ಅಮೆರಿಕದವರು ಸುಂಕ ಹಾಕಿದರ ನಮಗೇನ್ರಿ?"

ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಲ್ಲಿ ಮಾರಿದ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಅರಳೆಯಾಗುತ್ತದೆ, ಗಿರಣಿಯಲ್ಲಿ ನೂಲಾಗುತ್ತದೆ, ತಿರುಪ್ಪೂರಿನಂಥ ಊರಲ್ಲಿ ಅಂಗಿಯಾಗಿ ಹಡಗೇರುತ್ತದೆ. ಇದೇ ಪೂರೈಕೆ ಸರಪಳಿ.

2025ರ ಆಗಸ್ಟ್ 27ರಿಂದ ಅಮೆರಿಕ ನಮ್ಮ ಬಟ್ಟೆಬರೆಯ ಮೇಲಿನ ಹೆಚ್ಚುವರಿ ಸುಂಕವನ್ನು ಶೇ. 50ಕ್ಕೆ ಏರಿಸಿತು. ಬಾಂಗ್ಲಾದೇಶ, ವಿಯೆಟ್ನಾಂಗಳಿಗೆ ಆಗ ಶೇ. 20 ಇತ್ತು. ಸುಂಕ ಕಟ್ಟುವವನು ಅಲ್ಲಿಯ ಆಮದುದಾರನೇ. ಆದರೆ ಅವನು ನಮ್ಮವರಿಗೆ ದರ ಇಳಿಸಲು ಹೇಳುತ್ತಾನೆ. ಇಳಿಸದಿದ್ದರೆ ಆರ್ಡರನ್ನು ಬೇರೆ ದೇಶಕ್ಕೆ ಕೊಡುತ್ತಾನೆ.

ಗಿರಣಿಗಳ ಭಾರ ತಗ್ಗಿಸಲು ನಮ್ಮ ಸರ್ಕಾರ ಆಮದು ಹತ್ತಿಯ ಮೇಲಿದ್ದ ಶೇ. 11 ಸುಂಕವನ್ನು ಆಗಸ್ಟ್ 19ರಿಂದ ಕೈಬಿಟ್ಟಿತು. ಮುಂದೆ ರಿಯಾಯಿತಿಯನ್ನು ಡಿಸೆಂಬರ್ 31ರವರೆಗೆ ವಿಸ್ತರಿಸಿತು. ಗಿರಣಿಗಳಿಗೆ ಅದು ಬೇಕಿತ್ತು. ಆದರೆ ನಮ್ಮ ಭಾಗದಲ್ಲಿ ಹತ್ತಿ ಬಿಡಿಸುವ ಕಾಲವೂ ಅದೇ. ಹೊರಗಿನ ಅರಳೆ ಅಗ್ಗವಾಗಿ ಬಂದರೆ ನಮ್ಮ ಹತ್ತಿಯ ದರ ಮೇಲೇಳುವುದಿಲ್ಲ. ಆಗ ರೈತನಿಗೆ ಆಸರೆಯಾಗಿದ್ದುದು ಉದ್ದ ಎಳೆಯ ಹತ್ತಿಗೆ 2025-26ರಲ್ಲಿ ಕ್ವಿಂಟಲ್‌ಗೆ ಇದ್ದ 8,110 ರೂಪಾಯಿಯ ಬೆಂಬಲ ಬೆಲೆ. ಅಂಗಿಯ ಮೇಲೆ ಹಾಕಿದ ಸುಂಕ ಹೊಲದ ಬದುವಿಗೆ ಬಂದು ಮುಟ್ಟಿದ್ದು ಹೀಗೆ.

ವಿದೇಶಿ ಬಂಡವಾಳದ ಮಾತೂ ಇದರೊಂದಿಗೇ ಬರುತ್ತದೆ. ಸುಂಕ ಹೆಚ್ಚಿದ್ದು ಬಹುಕಾಲ ಸ್ಥಿರವಾಗಿದ್ದರೆ, ಹೊರಗಿನ ಕಂಪನಿ ಸರಕು ಕಳಿಸುವ ಬದಲು ಇಲ್ಲೇ ಕಾರ್ಖಾನೆ ಹಾಕುವುದುಂಟು. ಆದರೆ ಕಾರ್ಖಾನೆ ಇಪ್ಪತ್ತು ವರ್ಷದ ಲೆಕ್ಕ. ಸುಂಕ ತಿಂಗಳಿಗೊಂದು ರೀತಿಯಾದರೆ ಹಣ ಹಾಕುವವನು ಕಾದು ನೋಡುತ್ತಾನೆ. ಅವನ ಜೊತೆ ನಮ್ಮ ಐಟಿಐ ಹುಡುಗರೂ ಕಾಯಬೇಕು. ಹೊರಗಿನ ಬಂಡವಾಳದ ಬೆಲೆ ಧಾರವಾಡಕ್ಕೆ ಗೊತ್ತು. ಇಲ್ಲಿಯ ಬಸ್ ಕಾರ್ಖಾನೆಯಲ್ಲಿ ಬ್ರೆಜಿಲ್‌ನ ಮಾರ್ಕೊಪೋಲೊ ಕಂಪನಿಗೆ ಶೇ. 49 ಪಾಲಿತ್ತು. ಮುಂದೆ ಆ ಪಾಲನ್ನು ಟಾಟಾ ಮೋಟಾರ್ಸ್ ಕೊಂಡಿತು. ಪಾಲುದಾರರು ಹೋದರೂ ಕಾರ್ಖಾನೆ ಇಲ್ಲೇ ಉಳಿಯಿತು.

ಮಕ್ಕಳೇ, ಸುಂಕದ ಸುದ್ದಿ ಓದುವಾಗ ಯಾರ ಮೇಲೆ ಹಾಕಿದರು ಎಂದಷ್ಟೇ ನೋಡಬೇಡಿ. ಕೊನೆಗೆ ಯಾರ ಮೇಲೆ ಬಿತ್ತು ಎಂದು ಹುಡುಕಿರಿ. ಅದಕ್ಕೆ ಬೇಕಾದ ಶೇಕಡಾ ಲೆಕ್ಕವನ್ನೂ ಭೂಪಟವನ್ನೂ ನಿಮ್ಮ ಗುರುಗಳು ಇಲ್ಲೇ ಕಲಿಸುತ್ತಿದ್ದಾರೆ.